ರವಿವಾರದ ಡಬ್ಬಿ, ವಾರವೆಲ್ಲ ಮದುವೆ ಊಟ

ಎರಡು ವರ್ಷದ ಹಿಂದಿನ ಮಾತು. ಮಗಳ ಹುಟ್ಟುಹಬ್ಬ ಬುಧವಾರ ಬಂದಿತ್ತು. ನನ್ನ ಹೆಂಡತಿ ಸ್ಟಾಫ್ ನರ್ಸ್. ಆ ವಾರ ಅವಳಿಗೆ ಮಧ್ಯಾಹ್ನದ ಡ್ಯೂಟಿ, ಮನೆ ಮುಟ್ಟುವಾಗ ರಾತ್ರಿ ಎಂಟೂವರೆ ಆಗುತ್ತದೆ. ನಾನು ಲ್ಯಾಬ್ ಟೆಕ್ನಿಷಿಯನ್, ಆರೂವರೆಗೆ ಬರುತ್ತೇನೆ. ಮಗಳು ಕೇಳಿದ್ದು ಒಂದೇ. "ಪಪ್ಪಾ, ಮದುವಿ ಮನ್ಯಾಗ ಉಂಡಿದ್ವಲ್ಲ, ಆ ಬದ್ನಿಕಾಯಿ ಬೇಕು." ಅವಳು ಹೇಳಿದ್ದು ಬಗಾರಾ ಬೈಂಗನ್. ವಾರದ ನಡುವೆ ಅದನ್ನೆಲ್ಲ ಮಾಡಲು ಆಗುವುದಿಲ್ಲ ಅಂತ ಒಂದು ಹೋಟೆಲಿಗೆ ಹೇಳಿದೆ. ಊಟ ಬಂದದ್ದು ರಾತ್ರಿ ಹತ್ತಕ್ಕೆ. ಅಷ್ಟರಲ್ಲಿ ಅವಳು ಹೊಸ ಫ್ರಾಕಿನಲ್ಲೇ ಮಲಗಿಬಿಟ್ಟಿದ್ದಳು. ಎಬ್ಬಿಸಿ ಎರಡು ತುತ್ತು ತಿನ್ನಿಸಿದೆ. ಪಲ್ಯ ತಣ್ಣಗಾಗಿ ಮೇಲಿನ ಎಣ್ಣೆ ಹೆಪ್ಪುಗಟ್ಟಿತ್ತು. ಆ ರಾತ್ರಿ ನನಗೆ ಬಹಳ ಬೇಜಾರಾಯಿತು.

ಮರುದಿನ ಪಕ್ಕದ ಮನೆಯ ಖಾಲಾ (ಉರ್ದುವಿನಲ್ಲಿ ಚಿಕ್ಕಮ್ಮ) ಹತ್ತಿರ ಹೋಗಿ ಕೂತೆ. ಖಾಲಾ ಅರವತ್ತು ದಾಟಿದವರು. ನೆಂಟರ ಮದುವೆ ಇದ್ದರೆ ಮಸಾಲೆಯ ಹದ ನೋಡಲು ಅವರನ್ನೇ ಕರೆಯುತ್ತಾರೆ. ನನ್ನ ಕಷ್ಟ ಕೇಳಿ ಅವರು ಹೇಳಿದ್ದು ಇಷ್ಟು. "ತಮ್ಮಾ, ದಾವತ್ (ಔತಣದ) ಅಡುಗಿ ಒಂದ್ ದಿನದಾಗ ಯಾರೂ ಮಾಡಂಗಿಲ್ಲ. ಹಿಂದಿನ ದಿನಾನೇ ಅರ್ಧ ಮುಗಿಸಿರ್ತಾರ. ನೀ ಬುಧವಾರ ಸಂಜಿಗೆ ಶೇಂಗಾ ಹುರೀಲಿಕ್ಕೆ ಕೂತ್ರ ಹ್ಯಾಂಗ?"

ಆಮೇಲೆ ಬಗಾರಾ ಬೈಂಗನ್‌ಗೆ ಏನೇನು ಬೇಕು ಅಂತ ಹೇಳುತ್ತಾ ಹೋದರು. ಶೇಂಗಾ, ಎಳ್ಳು, ಒಣ ಕೊಬ್ಬರಿ, ಹುರಿದ ಉಳ್ಳಾಗಡ್ಡಿ, ಹುಣಸೆ. ಕೇಳುತ್ತಾ ಕೇಳುತ್ತಾ ನನಗೆ ಕಲಬುರಗಿ ಜಿಲ್ಲೆಯ ಆಳಂದ ಹತ್ತಿರದ ನಮ್ಮ ಹಳ್ಳಿ ಮನೆ ಕಣ್ಣಮುಂದೆ ಬಂತು. ನಮ್ಮ ಅವ್ವ ಎಣ್ಣೆಗಾಯಿಗೆ ತುಂಬುವ ಮಸಾಲೆಯೂ ಇದೇ ಅಲ್ವಾ! ಖಾಲಾ ಅದನ್ನು ಅರೆದು ಗ್ರೇವಿ ಮಾಡುತ್ತಾರೆ, ಅವ್ವ ಪುಡಿ ಮಾಡಿ ಬದನೆಕಾಯಿಯ ಹೊಟ್ಟೆಗೆ ತುಂಬುತ್ತಾಳೆ. 1948ರ ತನಕ ಕಲಬುರಗಿ, ಬೀದರ್, ಯಾದಗಿರಿಯ ಈ ನೆಲವೆಲ್ಲ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಅಷ್ಟು ವರ್ಷ ಅಕ್ಕಪಕ್ಕದ ಒಲೆಗಳು ಒಂದರಿಂದ ಇನ್ನೊಂದು ಕಲಿತಿವೆ. ಸಜ್ಜಕ, ಹೋಳಿಗೆ ಇರುವ ಮನೆಯ ಪಕ್ಕದಲ್ಲೇ ಬಗಾರಾ ಅನ್ನ, ಸಾಲನ್ ಅನ್ನುವ ಗ್ರೇವಿ, ದಾಲ್ಚಾ ಅನ್ನುವ ಬೇಳೆ ಸಾರು ಬೇಯುತ್ತದೆ.

ಅವತ್ತು ನನಗೆ ಹೊಳೆದದ್ದು ಇದು. ನಮ್ಮ ಭಾಗದ ದೊಡ್ಡ ಅಡುಗೆಗಳಲ್ಲಿ ಬಹಳಷ್ಟಕ್ಕೆ ಬೇರು ಒಂದೇ. ಆ ಬೇರನ್ನು ರವಿವಾರ ಒಂದು ಗಂಟೆ ಕೂತು ಮಾಡಿಟ್ಟುಕೊಂಡರೆ, ವಾರದ ಯಾವ ಸಂಜೆ ಬೇಕಾದರೂ ನಲವತ್ತು ನಿಮಿಷದಲ್ಲಿ ಮದುವೆ ಮನೆಯ ರುಚಿ ತಟ್ಟೆಗೆ ಬರುತ್ತದೆ. ಎರಡು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯವರಿಗೆ ಉಪಯೋಗ ಆಗಲಿ ಅಂತ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಡಬ್ಬಿ

ನಾಲ್ಕು ಜನರ ಮನೆಗೆ ಒಂದು ವಾರಕ್ಕೆ ಸಾಕಾಗುವ ಅಳತೆ ಹೇಳುತ್ತೇನೆ. ಶೇಂಗಾ ಒಂದು ಬಟ್ಟಲು, ಅಂದರೆ ಸುಮಾರು 150 ಗ್ರಾಂ. ಬಿಳಿ ಎಳ್ಳು ಅರ್ಧ ಬಟ್ಟಲು. ತುರಿದ ಒಣ ಕೊಬ್ಬರಿ ಅರ್ಧ ಬಟ್ಟಲು. ಕೊತ್ತಂಬರಿ ಬೀಜ ಎರಡು ದೊಡ್ಡ ಚಮಚ, ಜೀರಿಗೆ ಒಂದು ಚಮಚ, ಗಸಗಸೆ ಒಂದು ಚಮಚ, ಮೆಂತ್ಯ ಬರೀ ಹತ್ತು ಕಾಳು. ಇದಕ್ಕೆ ಖಾರ ಹಾಕುವುದಿಲ್ಲ. ಖಾರ ಅಡುಗೆ ಮಾಡುವಾಗ ಹಾಕುವುದು, ಆಗ ಮಕ್ಕಳಿಗೆ ಒಂದು ಹದ, ದೊಡ್ಡವರಿಗೆ ಒಂದು ಹದ ಮಾಡಬಹುದು. ಉಪ್ಪೂ ಬೇಡ.

ಎಲ್ಲವನ್ನೂ ಬೇರೆ ಬೇರೆ ಹುರಿಯಿರಿ. ಇದು ಬಹಳ ಮುಖ್ಯ. ಶೇಂಗಾ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ಎಳ್ಳು ಎರಡು ನಿಮಿಷಕ್ಕೇ ಚಟಚಟ ಅಂತ ಸಿಡಿಯುತ್ತದೆ. ಕೊಬ್ಬರಿ ಒಂದು ನಿಮಿಷದಲ್ಲಿ ಕೆಂಪಾಗುತ್ತದೆ. ಟೈಮ್ ಉಳಿಸಲು ನಾನು ಮೊದಲ ವಾರ ಎಲ್ಲವನ್ನೂ ಒಂದೇ ಬಾಣಲೆಗೆ ಸುರಿದೆ. ಶೇಂಗಾ ಒಳಗೆ ಹಸಿ ಉಳಿಯಿತು, ಎಳ್ಳು ಕರಕಲಾಯಿತು. ಎಳ್ಳು ಸ್ವಲ್ಪ ಕರ್ರಗಾದರೂ ಇಡೀ ಗ್ರೇವಿ ಕಹಿ ಬರುತ್ತದೆ, ಅದನ್ನು ಬೆಲ್ಲ ಹಾಕಿ ಸರಿ ಮಾಡಲು ಆಗುವುದಿಲ್ಲ. ಆ ವಾರದ ಡಬ್ಬಿ ಪೂರ್ತಿ ಚೆಲ್ಲಬೇಕಾಯಿತು. ಎಳ್ಳಿನ ಸದ್ದು ಶುರುವಾದ ಕೂಡಲೇ ಒಲೆ ಆರಿಸಿ, ತಟ್ಟೆಗೆ ಸುರಿದುಬಿಡಿ. ಬಾಣಲೆಯಲ್ಲೇ ಬಿಟ್ಟರೆ ಆ ಬಿಸಿಗೇ ಕರ್ರಗಾಗುತ್ತದೆ.

ಶೇಂಗಾ ತಣ್ಣಗಾದ ಮೇಲೆ ಕೈಯಲ್ಲಿ ತಿಕ್ಕಿ ಸಿಪ್ಪೆ ಊದಿ. ಈ ಕೆಲಸ ನಮ್ಮ ಮನೆಯಲ್ಲಿ ಮೂರನೇ ಕ್ಲಾಸಿನ ಮಗನದು. ಅಂಗಳದಲ್ಲಿ ಮೊರ ಹಿಡಿದುಕೊಂಡು ಕೂರುತ್ತಾನೆ, ಅರ್ಧ ಶೇಂಗಾ ಬಾಯಿಗೆ ಹೋಗುತ್ತದೆ, ಹೋಗಲಿ ಅಂತ ಒಂದು ಹಿಡಿ ಜಾಸ್ತಿ ಹುರಿಯುತ್ತೇನೆ. ಎಲ್ಲ ಪೂರ್ತಿ ಆರಿದ ಮೇಲೆ ಮಿಕ್ಸಿಗೆ ಹಾಕಿ. ಒಂದೇ ಸಮನೆ ತಿರುಗಿಸಬೇಡಿ. ಎರಡು ಸೆಕೆಂಡು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ. ಹಾಗೆ ಮಾಡದಿದ್ದರೆ ಶೇಂಗಾ, ಎಳ್ಳಿನ ಎಣ್ಣೆ ಬಿಟ್ಟು ಪುಡಿ ಉಂಡೆಯಾಗುತ್ತದೆ. ರವೆಯ ಹದಕ್ಕೆ ಬಂದರೆ ಸಾಕು.

ಗಾಜಿನ ಡಬ್ಬಿ ಅಥವಾ ಸ್ಟೀಲ್ ಡಬ್ಬಿಗೆ ತುಂಬಿ ಫ್ರಿಜ್‌ನಲ್ಲಿಡಿ. ನಮ್ಮ ಕಲಬುರಗಿ ಬೇಸಿಗೆ ನಿಮಗೆ ಗೊತ್ತು, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿ ಹೋಗುತ್ತದೆ. ಹೊರಗೆ ಇಟ್ಟರೆ ಒಂದೇ ವಾರದಲ್ಲಿ ಕಮಟು ವಾಸನೆ ಬರುತ್ತದೆ. ಎಣ್ಣೆ ಇರುವ ಕಾಳು ಪುಡಿಯಾದ ಮೇಲೆ ಗಾಳಿ, ಬಿಸಿ ಎರಡೂ ತಾಗಿ ಬೇಗ ಕೆಡುತ್ತದೆ. ಒದ್ದೆ ಚಮಚ ಅದರೊಳಗೆ ಹೋಗಬಾರದು, ಅಷ್ಟೇ ಕಟ್ಟುನಿಟ್ಟು.

ಯಾರಿಗಾದರೂ ಶೇಂಗಾ ಒಗ್ಗದಿದ್ದರೆ ಅದರ ಬದಲು ಪುಟಾಣಿ (ಹುರಿಗಡಲೆ) ಹಾಕಿ, ಕೊಬ್ಬರಿ ಸ್ವಲ್ಪ ಜಾಸ್ತಿ ಮಾಡಿ. ಗ್ರೇವಿ ಗಟ್ಟಿಯಾಗುತ್ತದೆ, ಆದ್ದರಿಂದ ನೀರು ಅರ್ಧ ಲೋಟ ಹೆಚ್ಚು ಬೇಕಾಗುತ್ತದೆ.

ಅದೇ ಗಂಟೆಯಲ್ಲಿ ಇನ್ನು ಮೂರು

ಶೇಂಗಾ ಆರುವ ತನಕ ಸುಮ್ನೆ ಕೂರುವುದು ಬೇಡ. ಒಂದು ಕಿಲೋ ಉಳ್ಳಾಗಡ್ಡಿ ಉದ್ದುದ್ದ ತೆಳ್ಳಗೆ ಹೆಚ್ಚಿ. ಎಲ್ಲ ಎಳೆ ಒಂದೇ ದಪ್ಪ ಇರಲಿ, ಇಲ್ಲದಿದ್ದರೆ ಕೆಲವು ಕರಕಲಾಗಿ ಕೆಲವು ಹಸಿ ಉಳಿಯುತ್ತವೆ. ಬಟ್ಟೆಯ ಮೇಲೆ ಹತ್ತು ನಿಮಿಷ ಹರವಿ ನೀರಾರಲು ಬಿಡಿ. ಮೂರು ಪಾಲು ಮಾಡಿ ನಡುವಿನ ಉರಿಯಲ್ಲಿ ಕರಿಯಿರಿ. ನಿಮಗೆ ಬೇಕಾದ ಬಣ್ಣಕ್ಕೆ ಬರುವ ಸ್ವಲ್ಪ ಮೊದಲೇ ತೆಗೆಯಿರಿ, ಹೊರಗೆ ಬಂದ ಮೇಲೂ ಅದು ಕೆಂಪಾಗುತ್ತಾ ಹೋಗುತ್ತದೆ. ಕಾಗದದ ಮೇಲೆ ಹರವಿದರೆ ಗರಿಗರಿ ಆಗುತ್ತದೆ. ಒಂದು ಕಿಲೋ ಕರಿದರೆ ಉಳಿಯುವುದು ಕಾಲು ಕಿಲೋದ ಆಸುಪಾಸು. ಇದನ್ನೂ ಫ್ರಿಜ್‌ನಲ್ಲಿಡಿ. ಕರಿದ ಎಣ್ಣೆ ಎಸೆಯಬೇಡಿ. ಆ ಎಣ್ಣೆಯಲ್ಲಿ ಉಳ್ಳಾಗಡ್ಡಿಯ ಸಿಹಿ ಇಳಿದಿರುತ್ತದೆ. ಸೋಸಿ ಇಟ್ಟುಕೊಂಡು ಆ ವಾರದ ಬಗಾರಾ ಅನ್ನಕ್ಕೂ ಸಾಲನ್‌ಗೂ ಅದನ್ನೇ ಹಾಕಿ. ಹೋಟೆಲಿನ ರುಚಿ ಮನೆಯಲ್ಲಿ ಬರುವುದಿಲ್ಲ ಅನ್ನುವವರು ಒಂದು ಸಲ ಈ ಎಣ್ಣೆಯಲ್ಲಿ ಮಾಡಿ ನೋಡಲಿ.

ಶುಂಠಿ, ಬೆಳ್ಳುಳ್ಳಿ ಸಮ ಸಮ, ಒಂದು ಚಮಚ ಎಣ್ಣೆ, ಅರ್ಧ ಚಮಚ ಉಪ್ಪು ಹಾಕಿ ನೀರಿಲ್ಲದೆ ಅರೆಯಿರಿ. ನೀರು ಬಿದ್ದರೆ ಬೇಗ ಹುಳಿ ಬರುತ್ತದೆ. ಬೀದರ್ ಕಡೆ ಶುಂಠಿ ಚೆನ್ನಾಗಿ ಬೆಳೆಯುತ್ತಾರೆ. ಹೆಂಡತಿಯ ತವರು ಆ ಕಡೆ, ಊರಿಗೆ ಹೋದವರು ಬರುವಾಗ ಒಂದು ಚೀಲ ಹಿಡಿದುಕೊಂಡು ಬರುತ್ತಾರೆ.

ಕೊನೆಗೆ ಹುಣಸೆ. 100 ಗ್ರಾಂ ಹುಣಸೆಹಣ್ಣಿಗೆ ಎರಡು ಲೋಟ ನೀರು ಹಾಕಿ ಐದು ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿ. ಗಟ್ಟಿ ರಸ ಬರುತ್ತದೆ. ಗಾಜಿನ ಬಾಟಲಿಗೆ ಹಾಕಿಡಿ.

ಇಷ್ಟಕ್ಕೆ ಒಂದು ಗಂಟೆ, ಹೊಸದರಲ್ಲಿ ಒಂದೂಕಾಲು ಗಂಟೆ. ಇನ್ನೊಂದು ಲಾಭ ಇದೆ. ಸಂಜೆ ಕರೆಂಟ್ ಹೋದರೂ ಅಡುಗೆ ನಿಲ್ಲುವುದಿಲ್ಲ, ಮಿಕ್ಸಿ ಕೆಲಸ ಆಗಲೇ ಮುಗಿದಿರುತ್ತದೆ.

ಬಗಾರಾ ಬೈಂಗನ್

ಕಲಬುರಗಿಯ ಕಾಯಿಪಲ್ಯದ ಕಣ್ಣಿ ಮಾರ್ಕೆಟ್‌ಗೆ ಹೋದರೆ ಗುಂಡನೆಯ ಸಣ್ಣ ಬದನೆಕಾಯಿ ಆರಿಸಿ. ತೊಟ್ಟು ಹಸಿರಾಗಿರಬೇಕು, ಮೈ ಹೊಳೆಯಬೇಕು, ಒತ್ತಿದರೆ ಗಟ್ಟಿ ಇರಬೇಕು. ಅರ್ಧ ಕಿಲೋ ಸಾಕು. ತೊಟ್ಟು ಬಿಟ್ಟು ನಾಲ್ಕು ಭಾಗ ಸೀಳಿ, ಉಪ್ಪು ನೀರಿಗೆ ಹಾಕಿ. ಗಾಳಿಗೆ ಬಿಟ್ಟರೆ ಸೀಳಿದ ಜಾಗ ಕಪ್ಪಾಗುತ್ತದೆ.

ಅಗಲ ಬಾಣಲೆಯಲ್ಲಿ ನಾಲ್ಕು ದೊಡ್ಡ ಚಮಚ ಉಳ್ಳಾಗಡ್ಡಿ ಎಣ್ಣೆ ಕಾಯಿಸಿ. ಬದನೆಕಾಯಿಯ ನೀರು ಒರೆಸಿ ಹಾಕಿ, ಮುಚ್ಚಿ, ನಡುನಡುವೆ ಹೊರಳಿಸುತ್ತಾ ಏಳೆಂಟು ನಿಮಿಷ ಬಾಡಿಸಿ. ಸಿಪ್ಪೆ ಸುಕ್ಕು ಬಿದ್ದ ಮೇಲೆ ತೆಗೆದಿಡಿ. ಅದೇ ಎಣ್ಣೆಗೆ ಜೀರಿಗೆ, ಚಿಟಿಕೆ ಮೆಂತ್ಯ, ಕರಿಬೇವು. ಆಮೇಲೆ ಒಂದು ದೊಡ್ಡ ಚಮಚ ಶುಂಠಿ ಬೆಳ್ಳುಳ್ಳಿ, ಅರ್ಧ ಚಮಚ ಅರಿಶಿನ, ಎರಡು ಚಮಚ ಖಾರದ ಪುಡಿ. ಖಾರ ಹಾಕಿದ ಕೂಡಲೇ ಎರಡು ಚಮಚ ನೀರು ಚಿಮುಕಿಸಿ, ಇಲ್ಲದಿದ್ದರೆ ಹೊತ್ತಿ ಘಾಟು ಬರುತ್ತದೆ.

ಈಗ ಡಬ್ಬಿ ತೆಗೆಯಿರಿ. ಆರು ದೊಡ್ಡ ಚಮಚ ಪುಡಿ, ಒಂದು ಹಿಡಿ ಕರಿದ ಉಳ್ಳಾಗಡ್ಡಿ ಕೈಯಲ್ಲಿ ಪುಡಿ ಮಾಡಿ ಹಾಕಿ, ಅರ್ಧ ಲೋಟ ನೀರಲ್ಲಿ ಕಲಸಿ ಬಾಣಲೆಗೆ ಸುರಿಯಿರಿ. ಇಲ್ಲಿಂದ ಐದಾರು ನಿಮಿಷ ಅಲ್ಲೇ ನಿಲ್ಲಿ. ಸಣ್ಣ ಉರಿ, ಕೈ ಆಡಿಸುತ್ತಾ ಇರಬೇಕು. ಮೊದಲು ಮಸಾಲೆ ಬುಳುಬುಳು ಅನ್ನುತ್ತದೆ, ಆಮೇಲೆ ಗಟ್ಟಿಯಾಗುತ್ತದೆ, ಕೊನೆಗೆ ಅಂಚಿನಲ್ಲಿ ಎಣ್ಣೆ ಬಿಡುತ್ತದೆ. ಖಾಲಾ ನನ್ನ ಪಕ್ಕದಲ್ಲಿ ನಿಂತು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಗಡಿಯಾರ ನೋಡಬ್ಯಾಡ ತಮ್ಮಾ, ಎಣ್ಣಿ ನೋಡು. ಎಣ್ಣಿ ಮ್ಯಾಲೆ ಬಂತಂದ್ರ ಮಸಾಲಿ ಬೆಂತು." ಹಸಿ ಮಸಾಲೆಗೂ ದಾವತ್ ಮಸಾಲೆಗೂ ಇರುವ ವ್ಯತ್ಯಾಸ ಪೂರ್ತಿ ಈ ಐದು ನಿಮಿಷದಲ್ಲಿದೆ. ಅವಸರ ಮಾಡುವುದಾದರೆ ಬೇರೆ ಎಲ್ಲಿಯಾದರೂ ಮಾಡಿ, ಇಲ್ಲಿ ಬೇಡ.

ಎಣ್ಣೆ ಬಿಟ್ಟ ಮೇಲೆ ನಾಲ್ಕು ಚಮಚ ಹುಣಸೆ ರಸ, ಅಡಿಕೆ ಗಾತ್ರದ ಬೆಲ್ಲ, ಉಪ್ಪು, ಒಂದೂವರೆ ಲೋಟ ಬಿಸಿನೀರು. ಬಿಸಿನೀರೇ ಹಾಕಿ. ತಣ್ಣೀರು ಬಿದ್ದರೆ ಕುದಿ ನಿಂತು ಮತ್ತೆ ಮೊದಲಿನಿಂದ ಕಾಯಬೇಕು. ಕುದಿ ಬಂದಾಗ ಬದನೆಕಾಯಿ ಇಳಿಸಿ, ಮುಚ್ಚಿ, ಹನ್ನೆರಡು ಹದಿನೈದು ನಿಮಿಷ ಸಣ್ಣ ಉರಿ. ಒಲೆ ಆರಿಸಿದ ಮೇಲೂ ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ.

ಇದೇ ಗ್ರೇವಿಗೆ ಬದನೆಕಾಯಿಯ ಬದಲು ಮಿರ್ಚಿ ಭಜಿ ಮಾಡುವ ಉದ್ದನೆಯ ಮೆಣಸಿನಕಾಯಿ ಹಾಕಿದರೆ ಮಿರ್ಚಿ ಸಾಲನ್. ಮೆಣಸಿನಕಾಯಿ ಸೀಳಿ ಬೀಜ ತೆಗೆದು, ಎಣ್ಣೆಯಲ್ಲಿ ಮೈ ಮೇಲೆ ಬಿಳಿ ಗುಳ್ಳೆ ಏಳುವ ತನಕ ಹೊರಳಿಸಿ. ಗ್ರೇವಿಗೆ ಖಾರ ಪುಡಿ ಅರ್ಧ ಚಮಚ ಸಾಕು. ನೀರು ಸ್ವಲ್ಪ ಜಾಸ್ತಿ, ಯಾಕೆಂದರೆ ಸಾಲನ್ ಅನ್ನಕ್ಕೆ ಹರಿಯಬೇಕು. ಎಂಟು ನಿಮಿಷಕ್ಕೆ ಬೇಯುತ್ತದೆ.

ಅವ್ವನ ಎಣ್ಣೆಗಾಯಿ

ಡಬ್ಬಿಯ ಪುಡಿ ಐದು ಚಮಚ, ಗುರೆಳ್ಳು ಪುಡಿ ಒಂದು ಚಮಚ, ಮಸಾಲಿ ಖಾರ (ಮಸಾಲೆ ಬೆರೆತ ಖಾರದ ಪುಡಿ) ಎರಡು ಚಮಚ, ಸಣ್ಣಗೆ ಹೆಚ್ಚಿದ ಹಸಿ ಉಳ್ಳಾಗಡ್ಡಿ ಒಂದು, ಕೊತ್ತಂಬರಿ ಸೊಪ್ಪು, ಹುಣಸೆ ರಸ ಎರಡು ಚಮಚ, ಬೆಲ್ಲ, ಉಪ್ಪು. ಎಲ್ಲವನ್ನೂ ಕೈಯಲ್ಲೇ ಹಿಸುಕಿ ಕಲಸಿ. ಸೀಳಿದ ಬದನೆಕಾಯಿಗೆ ಒತ್ತಿ ತುಂಬಿ. ಬಾಣಲೆಯಲ್ಲಿ ಎಣ್ಣೆ ಸ್ವಲ್ಪ ಧಾರಾಳ ಇರಲಿ, ಹೆಸರೇ ಎಣ್ಣೆಗಾಯಿ. ಒಗ್ಗರಣೆಗೆ ಸಾಸಿವೆ, ಜೀರಿಗೆ, ಕರಿಬೇವು. ಬದನೆಕಾಯಿ ಜೋಡಿಸಿ, ಮೇಲೆ ತಟ್ಟೆ ಮುಚ್ಚಿ, ಆ ತಟ್ಟೆಯ ಮೇಲೆ ಸ್ವಲ್ಪ ನೀರು ಹಾಕಿ. ಅವ್ವ ಕಲಿಸಿದ್ದು ಇದು. ತಟ್ಟೆಯ ನೀರು ತಂಪಿರುವುದರಿಂದ ಒಳಗಿನ ಹಬೆ ಹನಿಯಾಗಿ ಮತ್ತೆ ಪಲ್ಯದ ಮೇಲೇ ಬೀಳುತ್ತದೆ, ತಳ ಹತ್ತುವುದಿಲ್ಲ. ಹದಿನೈದು ನಿಮಿಷ ಆದ ಮೇಲೆ ತಟ್ಟೆಯ ಮೇಲಿನ ಬಿಸಿನೀರನ್ನೇ ಪಲ್ಯಕ್ಕೆ ಸುರಿದು ಇನ್ನು ಐದು ನಿಮಿಷ ಬಿಡಿ.

ಇದಕ್ಕೆ ಜೊತೆ ಜೋಳದ ರೊಟ್ಟಿಯೇ. ದಿನಾ ಸಂಜೆ ರೊಟ್ಟಿ ಬಡಿಯುವಷ್ಟು ಹೊತ್ತು ನಮಗಿಲ್ಲ. ಖಡಕ್ ರೊಟ್ಟಿ ತಂದಿಡುತ್ತೇವೆ. ನಮ್ಮ ಓಣಿಯಲ್ಲೇ ಒಬ್ಬ ಅಕ್ಕ ಮಾಡಿ ಕೊಡುತ್ತಾರೆ. ಈಗ ಜಿಲ್ಲೆಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮಾಡುವ ರೊಟ್ಟಿ "ಕಲಬುರಗಿ ರೊಟ್ಟಿ" ಅಂತ ಹೆಸರು ಪಡೆದು ಪ್ಯಾಕೆಟ್‌ನಲ್ಲೂ ಸಿಗುತ್ತದೆ. ಖಡಕ್ ರೊಟ್ಟಿ ಮೆತ್ತಗೆ ಬೇಕಾದರೆ ಮೇಲೆ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ, ಆಮೇಲೆ ಹಂಚಿನ ಮೇಲೆ ಬಿಸಿ ಮಾಡಿ. ರೊಟ್ಟಿಯ ಬಗ್ಗೆ ನಾಚಿಕೆ ಬೇಡ. ಪಲ್ಯ ನೀವು ಮಾಡಿದರೆ ಸಾಕು.

ಎರಡು ಒಲೆ, ನಲವತ್ತು ನಿಮಿಷ

ಬಗಾರಾ ಅನ್ನ, ಖಟ್ಟಿ ದಾಲ್, ಬಗಾರಾ ಬೈಂಗನ್ ಮೂರನ್ನೂ ಒಂದೇ ಸಂಜೆ ಮಾಡುವುದು ಹೇಗೆ ಅಂತ ನನ್ನ ಲ್ಯಾಬಿನ ಗೆಳೆಯರು ಕೇಳುತ್ತಾರೆ. ಗುಟ್ಟು ಸರದಿಯಲ್ಲಿದೆ.

ಮನೆಗೆ ಬಂದು ಕೈಕಾಲು ತೊಳೆದ ಕೂಡಲೇ ಎರಡು ಲೋಟ ಬಾಸುಮತಿ ಅಕ್ಕಿ ತೊಳೆದು ನೆನೆಹಾಕುತ್ತೇನೆ. ಒಂದು ಲೋಟ ತೊಗರಿಬೇಳೆ, ಮೂರು ಲೋಟ ನೀರು, ಅರಿಶಿನ, ಒಂದು ಚಮಚ ಎಣ್ಣೆ ಹಾಕಿ ಕುಕ್ಕರ್ ಮೊದಲ ಒಲೆಗೆ. ನಾಲ್ಕು ಸೀಟಿ. ಎರಡನೇ ಒಲೆಯಲ್ಲಿ ಬದನೆಕಾಯಿ ಬಾಡಿಸುವುದು. ಮಗಳು ಪಕ್ಕದಲ್ಲಿ ಕೂತು ಪುದೀನಾ ಬಿಡಿಸುತ್ತಾಳೆ, ಶಾಲೆಯ ಕಥೆ ಹೇಳುತ್ತಾಳೆ. ಎಂಟನೇ ಕ್ಲಾಸಿನ ಹುಡುಗಿ ಬೇರೆ ಹೊತ್ತಿನಲ್ಲಿ ಅಷ್ಟು ಮಾತಾಡುವುದಿಲ್ಲ.

ಕುಕ್ಕರ್ ಇಳಿದ ಒಲೆಗೆ ಅನ್ನದ ಪಾತ್ರೆ ಏರುತ್ತದೆ. ಮೂರು ಚಮಚ ಉಳ್ಳಾಗಡ್ಡಿ ಎಣ್ಣೆ, ಒಂದು ಚಮಚ ತುಪ್ಪ. ಶಾಹಿ ಜೀರಿಗೆ, ಲವಂಗ ನಾಲ್ಕು, ಏಲಕ್ಕಿ ಮೂರು, ಒಂದಿಂಚು ಚಕ್ಕೆ, ಒಂದು ಪಲಾವ್ ಎಲೆ. ಒಂದು ಚಮಚ ಶುಂಠಿ ಬೆಳ್ಳುಳ್ಳಿ, ಸೀಳಿದ ಹಸಿಮೆಣಸಿನಕಾಯಿ ನಾಲ್ಕು, ಪುದೀನಾ ಒಂದು ಹಿಡಿ. ಇಲ್ಲಿ ಉಳ್ಳಾಗಡ್ಡಿ ಹುರಿಯುವ ಹದಿನೈದು ನಿಮಿಷ ಉಳಿಯಿತು, ಕರಿದದ್ದನ್ನು ಒಂದು ಹಿಡಿ ಉದುರಿಸಿದರೆ ಆಯಿತು. ನೆನೆದ ಅಕ್ಕಿಗೆ ಒಂದಕ್ಕೆ ಒಂದೂವರೆ ಲೆಕ್ಕದಲ್ಲಿ ನೀರು, ಅಂದರೆ ಮೂರು ಲೋಟ. ಸೋನಾ ಮಸೂರಿ ಆದರೆ ಒಂದಕ್ಕೆ ಎರಡು. ಅಕ್ಕಿ ಹಾಕುವ ಮೊದಲು ಆ ನೀರು ಒಂದು ಚಮಚ ರುಚಿ ನೋಡಿ. ಸ್ವಲ್ಪ ಉಪ್ಪುಪ್ಪು ಅನ್ನಿಸಬೇಕು, ಅನ್ನ ಅದನ್ನು ಎಳೆದುಕೊಳ್ಳುತ್ತದೆ. ಅಕ್ಕಿ ಹಾಕಿದ ಮೇಲೆ ಒಂದೇ ಸಲ ಮೆಲ್ಲಗೆ ತಿರುವಿ. ಮತ್ತೆ ಮತ್ತೆ ಸೌಟು ಆಡಿಸಿದರೆ ಕಾಳು ಮುರಿಯುತ್ತದೆ. ನೀರು ಇಂಗಿ ಮೇಲೆ ತೂತು ಕಾಣಿಸಿದಾಗ ಪಾತ್ರೆಯ ಕೆಳಗೆ ಹಂಚು ಇಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಎಂಟು ನಿಮಿಷ ದಮ್.

ಇಷ್ಟರಲ್ಲಿ ಎರಡನೇ ಒಲೆಯಲ್ಲಿ ಬೈಂಗನ್‌ನ ಗ್ರೇವಿ ಎಣ್ಣೆ ಬಿಟ್ಟು, ಬದನೆಕಾಯಿ ಒಳಗಿಳಿದು ಕುದಿಯುತ್ತಿರುತ್ತದೆ. ಅನ್ನ ಇಳಿಸಿದ ಒಲೆಗೆ ದಾಲ್. ಬೆಂದ ಬೇಳೆ ಚೆನ್ನಾಗಿ ಕಡೆದು ಎರಡು ಟೊಮೇಟೊ, ಮೂರು ಚಮಚ ಹುಣಸೆ ರಸ, ಹಸಿಮೆಣಸಿನಕಾಯಿ, ಉಪ್ಪು ಹಾಕಿ ಐದಾರು ನಿಮಿಷ ಕುದಿಸಿ. ಹುಳಿಯನ್ನು ಬೇಳೆ ಬೆಂದ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ಬೇಳೆ ಮೆತ್ತಗಾಗುವುದಿಲ್ಲ, ಎಷ್ಟು ಸೀಟಿ ಹೊಡೆಸಿದರೂ ಕಾಳು ಕಾಳು ಉಳಿಯುತ್ತದೆ. ಕೊನೆಗೆ ತುಪ್ಪದ ಒಗ್ಗರಣೆ. ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಎಂಟು ಎಸಳು, ಒಣಮೆಣಸಿನಕಾಯಿ ನಾಲ್ಕು, ಕರಿಬೇವು. ಬೆಳ್ಳುಳ್ಳಿ ಅಂಚು ಕೆಂಪಾದ ಕ್ಷಣ ದಾಲ್‌ಗೆ ಸುರಿದು ತಟ್ಟನೆ ಮುಚ್ಚಿ. ಆ ಹೊಗೆ ಒಳಗೇ ಉಳಿಯಬೇಕು.

ಬೇಳೆಯ ಬಗ್ಗೆ ಒಂದು ಮಾತು. ನಮ್ಮದು ತೊಗರಿಯ ನಾಡು. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರಕಾರಿ ಗುರುತು, ಸಿಕ್ಕಿದೆ. ಇಲ್ಲೇ ಇದ್ದುಕೊಂಡು ಹೊಳಪಿನ ಪಾಲಿಶ್ ಬೇಳೆಯ ಪ್ಯಾಕೆಟ್ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ದಾಲ್ ಮಿಲ್ಲಿನಿಂದ ಬಂದ ಪಾಲಿಶ್ ಇಲ್ಲದ ಬೇಳೆ ಕೇಳಿ ತನ್ನಿ. ನೋಡಲು ಮಂಕಾಗಿರುತ್ತದೆ, ಆದರೆ ಬೆಂದಾಗ ಬರುವ ಘಮ ಬೇರೆ.

ತಹರಿ ಮಾಡುವ ದಿನ

ಇಬ್ಬರೂ ತೀರಾ ಸುಸ್ತಾಗಿ ಬಂದ ದಿನ ಕುಕ್ಕರ್ ತಹರಿ, ಅಂದರೆ ಎಲ್ಲ ಒಟ್ಟಿಗೆ ಬೇಯಿಸುವ ಮಸಾಲೆ ಅನ್ನ. ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ, ಆಲೂಗಡ್ಡೆ, ಬಟಾಣಿ, ಗಜ್ಜರಿ ಹಾಕುತ್ತೇವೆ. ಒಗ್ಗರಣೆ ಬಗಾರಾ ಅನ್ನದ್ದೇ. ಅದಕ್ಕೆ ಕರಿದ ಉಳ್ಳಾಗಡ್ಡಿ ಎರಡು ಹಿಡಿ, ಅರಿಶಿನ, ಖಾರ, ಅರ್ಧ ಲೋಟ ಮೊಸರು, ಡಬ್ಬಿಯ ಪುಡಿ ಎರಡೇ ಚಮಚ. ಕಾಯಿಪಲ್ಯ ಹಾಕಿ ಎರಡು ನಿಮಿಷ ಹುರಿದು, ನೆನೆದ ಅಕ್ಕಿ ಎರಡು ಲೋಟ, ನೀರು ಎರಡೂವರೆ ಲೋಟ, ಎರಡು ಸೀಟಿ. ಮಟನ್ ಹಾಕುವವರು ಮೊದಲು ಅದನ್ನು ಮಸಾಲೆಯ ಜೊತೆ ಆರು ಸೀಟಿ ಬೇಯಿಸಿ, ಆ ನೀರನ್ನೇ ಅಳೆದು ಅಕ್ಕಿಗೆ ಹಾಕಬೇಕು ಅಂತ ಖಾಲಾ ಹೇಳುತ್ತಾರೆ.

ಜೊತೆಗೆ ಹಸಿ ಉಳ್ಳಾಗಡ್ಡಿ, ನಿಂಬೆಹಣ್ಣು, ಮೊಸರು. ಇಪ್ಪತ್ತೈದು ನಿಮಿಷ.

ಸಿಹಿ ಬೇಕಾದಾಗ

ವಾರದ ದಿನ ಹೋಳಿಗೆ ಆಗುವುದಿಲ್ಲ, ಮಾಲದಿ ಆಗುತ್ತದೆ. ಬೆಳಗಿನ ಚಪಾತಿ ಮೂರು ನಾಲ್ಕು ಉಳಿದಿದ್ದರೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಗರಿಯಾಗುವ ತನಕ ಸುಡಿ. ಆರಿದ ಮೇಲೆ ಮಿಕ್ಸಿಯಲ್ಲಿ ತರಿತರಿ ಪುಡಿ ಮಾಡಿ. ಪುಡಿ ಮಾಡಿದ ಬೆಲ್ಲ ಅರ್ಧ ಬಟ್ಟಲು, ಪುಟಾಣಿ ಒಂದು ಹಿಡಿ, ಹುರಿದ ಒಣ ಕೊಬ್ಬರಿ, ಗಸಗಸೆ, ಏಲಕ್ಕಿ ಸೇರಿಸಿ ಕೈಯಲ್ಲಿ ತಿಕ್ಕಿ. ಬಟ್ಟಲಿಗೆ ಹಾಕಿ ಮೇಲೆ ಬಿಸಿ ತುಪ್ಪ, ಬಿಸಿ ಹಾಲು. ಜಾತ್ರೆ, ಮದುವೆಗೆ ಇದನ್ನು ಗೋಧಿಯ ದಪ್ಪ ರೊಟ್ಟಿಯಿಂದ ಮಾಡುತ್ತಾರೆ, ಅದರ ರುಚಿ ಇನ್ನೂ ಹೆಚ್ಚು. ಆದರೆ ಹೋಮ್‌ವರ್ಕ್ ಮುಗಿಸಿ ಕೂತ ಮಕ್ಕಳಿಗೆ ಹತ್ತು ನಿಮಿಷದಲ್ಲಿ ಕೊಡಬಹುದಾದ ಸಿಹಿ ಇದು.

ಬಡಿಸುವಾಗ

ಮದುವೆ ಊಟ ಮದುವೆ ಊಟ ಅನ್ನಿಸುವುದು ಬಡಿಸುವುದರಲ್ಲೂ ಇದೆ. ಬಾಣಲೆಯನ್ನೇ ತಂದು ನಡುವೆ ಇಡಬೇಡಿ. ಅನ್ನವನ್ನು ಅಗಲ ತಟ್ಟೆಗೆ ಹರವಿ, ಮೇಲೆ ಕರಿದ ಉಳ್ಳಾಗಡ್ಡಿ ಉದುರಿಸಿ. ಬದನೆಕಾಯಿಯ ತೊಟ್ಟು ಮೇಲೆ ಕಾಣುವ ಹಾಗೆ ಬಟ್ಟಲಿಗೆ ಹಾಕಿ. ಒಂದು ಸಣ್ಣ ತಟ್ಟೆಯಲ್ಲಿ ಉಳ್ಳಾಗಡ್ಡಿ, ನಿಂಬೆ, ಸೌತೆಕಾಯಿ. ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿ ಪುಡಿ) ಮನೆಯಲ್ಲಿ ಇದ್ದೇ ಇರುತ್ತದೆ, ಅದರ ಮೇಲೆ ಮೊಸರು. ಇದಕ್ಕೆ ಮೂರು ನಿಮಿಷ ಹೆಚ್ಚು ಹಿಡಿಯುತ್ತದೆ. ಡ್ಯೂಟಿ ಮುಗಿಸಿ ಬಂದ ಹೆಂಡತಿ ಚಪ್ಪಲಿ ಬಿಡುವಾಗಲೇ "ಇವತ್ತ್ ಯಾರರೆ ಬರವರಿದ್ದಾರೇನ್ರಿ?" ಅಂತ ಕೇಳುತ್ತಾಳೆ. ಯಾರೂ ಇಲ್ಲ, ನಾವೇ ನಾಲ್ಕು ಜನ ಅಂತ ಹೇಳುವುದು ನನಗೆ ಬಹಳ ಇಷ್ಟ.

ಹೋದ ವರ್ಷ ಮಗಳ ಹುಟ್ಟುಹಬ್ಬ ಗುರುವಾರ ಬಂತು. ಖಾಲಾ ಮನೆಗೂ ಒಂದು ಡಬ್ಬಿ ಕಳಿಸಿದೆ. ಖಾಲಿ ಡಬ್ಬಿ ವಾಪಸು ಕೊಡುವಾಗ ಖಾಲಾ ಅಂದರು, "ಹುಣಸಿ ಒಂದ್ ಚಮಚ ಕಮ್ಮಿ ಆಗ್ಯಾದ." ಮುಂದಿನ ಸಲ ನಾಲ್ಕು ಚಮಚ ಹಾಕಿದೆ. ಮೇಲೆ ಬರೆದ ಅಳತೆ ಅದೇ.

ಶನಿವಾರದ ಹೊತ್ತಿಗೆ ಡಬ್ಬಿಯ ತಳದಲ್ಲಿ ಎರಡು ಮೂರು ಚಮಚ ಉಳಿಯುತ್ತದೆ. ಅದಕ್ಕೆ ಉಪ್ಪು, ಖಾರ, ಜಜ್ಜಿದ ಬೆಳ್ಳುಳ್ಳಿ ಕಲಸಿ ಸುಸಲಾ ಮಾಡುವಾಗ ನೆನೆದ ಚುರುಮುರಿಗೆ ಸೇರಿಸಿ, ಬೆಳಗಿನ ನಾಷ್ಟಾ ಆಗುತ್ತದೆ. ಹಳೇ ಪುಡಿಯ ಮೇಲೆ ಹೊಸದು ತುಂಬಬೇಡಿ. ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು, ಮುಚ್ಚಳ ಬೇರೆ ಮಾಡಿ, ಮಾಳಿಗೆಯ ಬಿಸಿಲಿನಲ್ಲಿ ಬೋರಲು ಹಾಕಿ. ರವಿವಾರ ಬೆಳಿಗ್ಗೆ ಶೇಂಗಾ ಹುರಿಯುವಷ್ಟರಲ್ಲಿ ಒಣಗಿರುತ್ತದೆ.